ರಿವೆಟ್ಟಿನ ಸದ್ದು

ದಿನಕ್ಕೆ ಅರವತ್ತು ತೋಳು ನೋಡುತ್ತೇನೆ ನಾನು, ಸೆಂಗಾ,
ಗೋವನ್ನಿನ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು.
ಮುಖ ಮರೆಯುತ್ತದೆ, ನರ ನೆನಪಿರುತ್ತದೆ.

ಮರ್ಡೊ ಮೆಕಾಸ್ಕಿಲ್‌ನದು ಲಂಗರಿನ ಹಗ್ಗದ ಹಾಗೆ ಎದ್ದು ನಿಂತ ನರ.
"ಚುಚ್ಚು ಮಗಳೇ," ಅನ್ನುತ್ತಾನೆ,
ಕಿಟಕಿಯಾಚೆ ಕ್ಲೈಡ್ ನದಿ ನೋಡುತ್ತ.
ಅಲ್ಲೀಗ ಕ್ರೇನಿಲ್ಲ, ಹಡಗಿಲ್ಲ,
ಒಂದು ಸೋಫಾ ಅಂಗಡಿ.

ಕರುಳಿನಲ್ಲಿ ಗಡ್ಡೆ. ಮುಂದಿನ ತಿಂಗಳು ಕೊಯ್ಯುತ್ತಾರೆ.
ಡಾಕ್ಟರಮ್ಮ ಹೇಳಿದಳಂತೆ:
ಗಡ್ಡೆ ಎಷ್ಟು ದೊಡ್ಡದೋ ಸ್ಕ್ಯಾನು ಹೇಳೀತು,
ಮೈ ಅದನ್ನು ಹೇಗೆ ತಾಳಿಕೊಂಡಿದೆಯೋ
ಒಂದು ಚಮಚ ರಕ್ತವನ್ನೇ ಕೇಳಬೇಕು.
ಎರಡೇ ಲೆಕ್ಕ.
ಬೂದಿ ಮುಚ್ಚಿದ ಕೆಂಡ ಒಳಗೆಷ್ಟು ಕಾದಿದೆ,
ಅಡುಗೆಮನೆಯ ಡಬ್ಬಿ ಎಷ್ಟು ಬರಿದಾಗಿದೆ.
ಎರಡೂ ನೆಟ್ಟಗಿದ್ದರೆ ಸೊನ್ನೆ. ಎರಡೂ ಕೆಟ್ಟಿದ್ದರೆ ಎರಡು.
ಖರ್ಚು, ಒಂದು ಕಪ್ ಚಹಾದಷ್ಟು.

"ಗೊತ್ತು ಬಿಡು," ಅಂದ ಮುದುಕ.
"ಹದಿನಾರನೇ ವಯಸ್ಸಿಗೆ ನನಗೆ ಕೊಟ್ಟ ಕೆಲಸವೇ ಅದು.
ಕೈಯಲ್ಲೊಂದು ಪುಟ್ಟ ಸುತ್ತಿಗೆ, ಕಣ್ಣು ಹರಿಯುವಷ್ಟು ರಿವೆಟ್ಟು.
ಬಡಿ, ಕೇಳು.
ಠಣ್ ಅಂದರೆ ಬಿಗಿ.
ಡಬ್ ಅಂದರೆ ಸಡಿಲ, ಸೀಮೆಸುಣ್ಣದ ಗುರುತು.
ತಗಡು ಬಿಚ್ಚಿ ನೋಡುವವರಾರು?"

ರಬ್ಬರ್ ಪಟ್ಟಿ ಸಡಿಲಿಸಿದೆ.
ಕೊಳವೆ ಕಪ್ಪುಗೆಂಪಾಗಿ ತುಂಬಿತು.

"ಒಮ್ಮೆ ಡಬ್ ಅಂದದ್ದು ಕೇಳಿಯೂ ಬಿಟ್ಟೆ.
ಶನಿವಾರ ಮಧ್ಯಾಹ್ನ, ಫುಟ್ಬಾಲ್ ಇತ್ತು.
ಮೂವತ್ತೊಂದು ವರ್ಷ, ಸೆಂಗಾ,
ಪೇಪರಿನಲ್ಲಿ ಆ ಹಡಗು ಮುಳುಗಿದ ಸುದ್ದಿ ಹುಡುಕಿದೆ.
ಕೊನೆಗೆ ಒಡೆದು ಗುಜರಿಗೆ ಹಾಕಿದರು.
ಮುಳುಗಲೇ ಇಲ್ಲ, ಹಾಳಾದ್ದು."

ನಕ್ಕ. ಹತ್ತಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದ.

"ಠಣ್ ಅಂದದ್ದೂ ಒಂದು ಹೋಯಿತು. ಐಸ್‌ಲ್ಯಾಂಡಿನ ಹತ್ತಿರ.
ಅದರ ಹೆಸರು ಕೇಳಬೇಡ."

ಚೀಟಿ ಅಂಟಿಸಿದೆ: ಹೆಸರು, ಹುಟ್ಟಿದ ದಿನ, ಗಂಟೆ.
ಬಾಗಿಲಲ್ಲಿ ಟೋಪಿ ಹಾಕಿಕೊಳ್ಳುತ್ತ ಅಂದ:
"ಗುರುತು ಹಾಕುವುದು ಯಾಕೆ ಹೇಳು?
ಹಿಂದೆ ಬರುವವನು ಬಿಗಿ ಮಾಡಲಿ ಅಂತ."

ಸಂಜೆ, ನೋಡಬಾರದಿತ್ತು, ನೋಡಿದೆ.
ಒಂದು.
ಸೊನ್ನೆಯಲ್ಲ, ಎರಡಲ್ಲ.
ಕೆಂಡ ಕಾದಿದೆ, ಡಬ್ಬಿಯಲ್ಲಿನ್ನೂ ಇದೆ.
ಕೆಳಗೆ ಯಾರೋ ಬರೆದಿದ್ದರು:
ಊಟದ ವಿಭಾಗಕ್ಕೆ ಕಳಿಸಿ,
ದಿನಾ ನಡೆಸಿ.

ಮನೆಗೆ ಹೋಗುವ ಬಸ್ಸಿನಲ್ಲಿ
ಕಬ್ಬಿಣದ ಕಂಬಕ್ಕೆ ಉಂಗುರ ತಟ್ಟಿ ನೋಡಿದೆ.
ಏನೋ ಅಂದಿತು.
ನನಗೆ ಆ ಕಿವಿಯಿಲ್ಲ.
ಇನ್ನೊಮ್ಮೆ ತಟ್ಟಿದೆ.