ಮೂಗುತಿಯ ತೂಕ

ಎರಡು ಸಾವಿರದ ಇನ್ನೂರು ಜ್ವೊತಿ.
ಅದರ ಮೇಲೆ ಒಂದು ಕಾಸಿಲ್ಲ ಎಂದು
ಬೊಜೆನಾ ಟ್ರಾಮಿನಲ್ಲೇ ಹೇಳಿದ್ದಳು, ಎರಡು ಸಲ:
ಒಮ್ಮೆ ನನಗೆ, ಒಮ್ಮೆ ತನ್ನ ಕೈಚೀಲಕ್ಕೆ.
ಹಾಸಿಗೆಯ ಉದ್ದ ನನಗೂ ಗೊತ್ತು.
ಕಾಲೇ ಕೊಂಚ ಉದ್ದ.

ವೂಜ್ ಪಟ್ಟಣದ ಹಳೆಯ ನೂಲಿನ ಗಿರಣಿ;
ಮಗ್ಗಗಳಿದ್ದ ಜಾಗದಲ್ಲೀಗ ಕಾಫಿ, ಸೈಕಲ್ಲು,
ಕೊನೆಯ ಬಾಗಿಲಲ್ಲಿ ಕಾತ್ಸ್‌ಪೆರ್‌ನ ಅಂಗಡಿ.
ಹುಡುಗನ ಮೊಣಕೈ ಮೇಲೆ ಹಚ್ಚೆಯ ಅಳಿಲು.
ಮಾತಿಗೆ ಮುಂಚೆ ಕೈ ಒರೆಸಿಕೊಂಡ.
ಆಗಲೇ ನನಗೆ ಹಿಡಿಸಿದ.

"ಅಗ್ಗದ್ದು ಬೇಡ," ಎಂದ, "ಅದರ ತೋಳು
ತಟ್ಟೆಯನ್ನು ಪಾತ್ರೆ ಉಜ್ಜಿದ ಹಾಗೆ ಉಜ್ಜುತ್ತೆ.
ತೀರ ದುಬಾರಿಯದ್ದಕ್ಕೆ ಮನೆಯನ್ನೇ ಬದಲಿಸಬೇಕು."
ನಡುವಿನವು ಎರಡು ಎಳೆದಿಟ್ಟ.
ಒಂದಕ್ಕೆ ರಬ್ಬರಿನ ಪಟ್ಟಿ,
ನಿದ್ದೆಗಣ್ಣಲ್ಲಿ ಎದ್ದವರಂತೆ ಮೆಲ್ಲಗೆ ವೇಗ ಹಿಡಿಯುತ್ತದೆ;
ಇನ್ನೊಂದಕ್ಕೆ ಮೋಟಾರು ನೇರ ಹೊಟ್ಟೆಯೊಳಗೆ,
ಗುಂಡಿ ಒತ್ತಿದ್ದೇ ತಡ
ಮೂವತ್ತಮೂರು ಚಿಲ್ಲರೆ ಸುತ್ತು.

ಮೂವತ್ತೆಂಟು ವರ್ಷ ಟ್ರಾಮು ಓಡಿಸಿದವನು ನಾನು.
ಮೋಟಾರು ಹತ್ತಿರವಿದ್ದರೆ ಎಲುಬು ಹೇಳುತ್ತದೆ.
ಅಂಚಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ,
ನಡುಕ ಹುಡುಕಿದೆ.
"ನಾಡಿ ನೋಡ್ತಿದ್ದಾನೆ," ಅಂದಳು ಬೊಜೆನಾ ಹುಡುಗನಿಗೆ,
"ಮದುವೆಗೆ ಮುಂಚೆ ನನ್ನನ್ನೂ ಇಷ್ಟು ನೋಡಿರಲಿಲ್ಲ."
ಪಟ್ಟಿಯದ್ದೇ ಇರಲಿ ಅಂದೆ. ಸಾವಿರದ ಆರುನೂರು.

ಉಳಿದದ್ದು ಸೂಜಿ.

ಇಲ್ಲಿ ನಾನು ಜಾರಿದೆ.
ಗಾಜಿನ ಕಪಾಟಿನಲ್ಲಿ ನುಚ್ಚಕ್ಕಿಗಿಂತ ಸಣ್ಣ ವಜ್ರ,
ಉಳಿಯ ಬಾಯಂತೆ ಕಡೆದದ್ದು;
ಗೀರಿನ ತಳಕ್ಕಿಳಿದು, ಪಿಟೀಲಿನವನು ಉಸಿರೆಳೆದುಕೊಂಡದ್ದನ್ನೂ
ಎತ್ತಿ ತರುತ್ತದಂತೆ.
ಬೆಲೆ, ಯಂತ್ರಕ್ಕಿಂತ ನೂರು ಹೆಚ್ಚು.
"ಮೂಗಿಗಿಂತ ಮೂಗುತಿ ಭಾರ," ಅಂದಳು.
ನಾನು ಮೂಗುತಿಯನ್ನೇ ನೋಡುತ್ತಿದ್ದೆ.

ಕೋಟಿನ ಒಳಜೇಬಿನಿಂದ ಆಗ ಅದನ್ನು ತೆಗೆದೆ:
ಹಾಡುವ ಅಂಚೆಕಾರ್ಡು. ಮುಖದ ಮೇಲೆ ಸಮುದ್ರದ ಚಿತ್ರ,
ಅದರ ಮೇಲೆ ಪ್ಲಾಸ್ಟಿಕ್ಕಿನ ಗೀರು, ಅಲೆಯ ಮೇಲೆ ಅಲೆ.
ಎಪ್ಪತ್ತೊಂದರ ಬೇಸಿಗೆ, ಕಡಲ ದಂಡೆಯ ಗೂಡಂಗಡಿಯಲ್ಲಿ
ದುಡ್ಡು ಕೊಟ್ಟು ನನ್ನ ದನಿ ಕೊರೆಸಿದ್ದೆ,
ಲಿಡ್ಕಾ ಎಂಬವಳಿಗೆ.
ಅಂಚೆಗೆ ಹಾಕಲಿಲ್ಲ. ಏನು ಹೇಳಿದ್ದೆನೋ ನೆನಪಿಲ್ಲ.
ಬೊಜೆನಾಗೆ ಕಾರ್ಡೂ ಗೊತ್ತು, ಲಿಡ್ಕಾಳೂ ಗೊತ್ತು:
ಹೋದ ವರ್ಷದವರೆಗೆ ನಾವಿಬ್ಬರೂ
ಹಲ್ಲು ಕೀಳಿಸಿಕೊಂಡದ್ದು ಅವಳ ಬಳಿಯೇ.

ಹುಡುಗ ಅದನ್ನು ದೀಪಕ್ಕೆ ಓರೆ ಹಿಡಿದ.
"ಇದಕ್ಕೆ ಚೂಪಿನದು ಬೇಡ. ತಳದಲ್ಲಿರೋದು ಬರೀ ಗಾಯ,
ಅಷ್ಟನ್ನೂ ಓದಿಬಿಡುತ್ತೆ."
ನನಗಿದು ಗೊತ್ತಿತ್ತು, ಗೊತ್ತಿಲ್ಲದವನಂತಿದ್ದೆ:
ಸವೆದ ಹಳಿಗೆ ಹೊಸ ಗಾಲಿ ಕೊಟ್ಟರೆ
ಬೀದಿಗೆಲ್ಲ ಕಿರುಚು.
"ದುಂಡು ತುದಿಯದ್ದು ಕೊಡಪ್ಪ," ಅಂದವಳು ಬೊಜೆನಾ.
ಇನ್ನೂರ ನಲವತ್ತು.
ಪುಟ್ಟ ತಕ್ಕಡಿಯಲ್ಲಿ ತೋಳಿನ ಭಾರ ತೂಗಿದ;
ಮೂರು ಗ್ರಾಂ, ಅಷ್ಟೇ.
ಕಾರ್ಡು ಜಾರದಿರಲೆಂದು ಅವಳೇ ಒಂದು ನಾಣ್ಯವಿಟ್ಟಳು.
"ಲೆಕ್ಕಕ್ಕೆ ಇದೂ ಸೇರಿತು."

ಮೊದಲು ಚಟಪಟ, ಒಗ್ಗರಣೆಯ ಹಾಗೆ.
ಆಮೇಲೆ ಹತ್ತೊಂಬತ್ತರ ಒಬ್ಬ ಹುಡುಗ, ಕೀಚಲು ಗಂಟಲು:
"ಲಿಡ್ಕಾ... ಇಲ್ಲಿ... ಇಲ್ಲಿ ಮೀನು ಚೆನ್ನಾಗಿದೆ."
ಮತ್ತೆ ಬರೀ ಸುತ್ತು.
ದೂರದಿಂದ ಗೂಡಂಗಡಿಯವನು: "ಇನ್ನೂ ಜಾಗ ಇದೆ, ಏನಾದ್ರೂ ಹೇಳೋ."
ಅವನು ಹೇಳಲಿಲ್ಲ.
ಉಸಿರಾಡಿದ್ದು ಮಾತ್ರ ಕೇಳಿತು,
ಅಗ್ಗದ ಸೂಜಿಯಲ್ಲೂ.

ಕಾತ್ಸ್‌ಪೆರ್ ತನ್ನ ಅಳಿಲನ್ನು ನೋಡಿಕೊಳ್ಳುತ್ತಿದ್ದ.
ಬೊಜೆನಾ ತಾನೇ ತೋಳೆತ್ತಿದಳು, ಮಗುವಿನ ಕೈ ಎತ್ತಿದಂತೆ,
ಸಾವಿರದ ಎಂಟುನೂರ ನಲವತ್ತು ಎಣಿಸಿಟ್ಟು
ನಾಣ್ಯವನ್ನು ಮರೆಯದೆ ವಾಪಸು ತೆಗೆದುಕೊಂಡಳು.

ಮರಳುವಾಗ ಡಬ್ಬಿ ನನ್ನ ತೊಡೆಯ ಮೇಲೆ.
ಮಾರುಕಟ್ಟೆಯ ತಿರುವಿನಲ್ಲಿ ಗಾಲಿ ಕಿರುಚಿತು.
ಎಡಗಡೆ ಹಳಿ, ಅಂದೆ.
ಅವಳಿಗೆ ಕೇಳಿಸಲಿಲ್ಲ;
ಮೀನಿನಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು
ಪಕ್ಕದವರನ್ನು ವಿಚಾರಿಸುತ್ತಿದ್ದಳು.