ಎಬ್ಬಿಸುವ ಕೆಲಸ

ಇಸ್ತಾಂಬುಲ್ಲಿನ ಹೊಸ ವಿಮಾನ ನಿಲ್ದಾಣದಿಂದ ಹನ್ನೊಂದು ನಿಮಿಷ,
ಬೋರ್ಡಿನ ಮೇಲೆ ಹಾಗಂತ ಇದೆ. ವ್ಯಾನು ರುಸ್ತೆಮ್ ಕೈಯಲ್ಲಿದ್ದರೆ ಒಂಬತ್ತು.
ಹದಿನೆಂಟು ಕೋಣೆ. ಮೂವತ್ತೈದು ಯೂರೋ. ತಿಂಡಿ ಇಲ್ಲ.
ಬಿಸಿನೀರು ಉಂಟು, ನಲ್ಲಿ ತಿರುಗಿಸಿ ನೂರು ಎಣಿಸಬೇಕು.
ಕೋಣೆಯ ಫೋನುಗಳು ಸತ್ತು ಎರಡು ವರ್ಷ,
ಹಾಗಾಗಿ ಜನರನ್ನು ಎಬ್ಬಿಸುವುದು
ನನ್ನ ಬೆರಳಗೆಣ್ಣಿನ ಕೆಲಸ.

ನಾನು ನೂರ್ತೆನ್, ರಾತ್ರಿ ಪಾಳಿ.
ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ:
ನಾಲ್ಕನೆಯದು ಎರಡೂವರೆಗೆ, ಹನ್ನೊಂದು ಮೂರು ಹತ್ತಕ್ಕೆ.
ಮೊದಲು ಮೆಲ್ಲಗೆ ಎರಡು ಬಡಿತ,
ಆಮೇಲೆ ಸಾಲ ವಸೂಲಿಗೆ ಬಂದವಳ ಹಾಗೆ.

ಒಳಗಿಂದ ಬರುವ ಮೊದಲ ಮಾತು ನನಗೆ ಆಡಿದ್ದಲ್ಲ.
ಯಾರೋ ತಾಯಿಗೆ ಓಗೊಡುತ್ತಾರೆ,
ಯಾರೋ ಹೆಂಡತಿಯನ್ನು ಗದರುತ್ತಾರೆ.
ಬಾಕುವಿನವನೊಬ್ಬ, ಇಷ್ಟು ದಪ್ಪ ಮೀಸೆ,
ಇವತ್ತು ಶಾಲೆಗೆ ರಜೆ ಅಂದುಬಿಟ್ಟ.
ಚಿಲಕ ತೆಗೆಯುವಷ್ಟರಲ್ಲಿ ಎಲ್ಲರೂ ಪ್ರಯಾಣಿಕರಾಗಿರುತ್ತಾರೆ,
ಥ್ಯಾಂಕ್ಯೂ ಅನ್ನುತ್ತಾರೆ.
ನಡುವಿನ ಆ ಅರೆಗಳಿಗೆ ಮಾತ್ರ ನನ್ನದು.
ಅದಕ್ಕೆ ಬಿಲ್ಲು ಹಾಕುವಂತಿಲ್ಲ.

ಮೊನ್ನೆ ಏಳನೇ ಕೋಣೆಗೆ ಬಂದವರು ಚಾಸಿಬ್,
ಮಾಲ್ಮೋದಿಂದ ಬಸ್ರಾಕ್ಕೆ. ಸಂಜೆಯ ವಿಮಾನ ತಪ್ಪಿತ್ತು.
ಟರ್ಕಿ ಮಾತು ಹರಕು ಮುರುಕು,
ಎಂದೋ ಮರ್ಸಿನ್ನಿನ ಕಿತ್ತಳೆ ತೋಟದಲ್ಲಿ ಕಲಿತದ್ದಂತೆ.
ಅದರಲ್ಲೇ, ರಾತ್ರಿ ಒಂದು ಗಂಟೆಗೆ, ಚೌಕಾಸಿ:
ಮೂರು ತಾಸಿನ ನಿದ್ದೆಗೆ ಇಡೀ ರಾತ್ರಿಯ ದುಡ್ಡೇ?
ನಿದ್ದೆ ನಿಮ್ಮದು, ಹಾಸಿಗೆ ನಮ್ಮದು ಅಂದೆ.
ನಕ್ಕರು. ಐದು ಯೂರೋ ಬಿಟ್ಟೆ.
ಹೋಟೆಲು ನನ್ನ ಮೈದುನನದು, ಅವನಿಗೆ ಗೊತ್ತಾಗಬಾರದು.

ನಾಲ್ಕಕ್ಕೆ ಬಾಗಿಲು ಬಡಿದೆ.
ಬಂತು ಒಂದು ಕೂಗು. ಮಾತಲ್ಲ, ಯಾರ ಹೆಸರೂ ಅಲ್ಲ,
ಗಂಟಲ ತಳದಿಂದ ಎದ್ದು
ನೀರಿನ ಮೇಲೆ ದೂರ ಹೋಗಲೆಂದು ಎಳೆದ
ಹೋ... ಓ... ಹಾ...
ಹದಿನೈದನೇ ಕೋಣೆಯಲ್ಲಿ ದೀಪ ಹತ್ತಿತು.

ಬಾಗಿಲಲ್ಲಿ ನಿಂತರು, ಒಂದೇ ಕಾಲಿಗೆ ಕಾಲುಚೀಲ.
ಏನಂದೆ ನಾನು?
ಅಂದು ತೋರಿಸಿದೆ.
ಮುಖ ತಗ್ಗಿತು. ಎಮ್ಮೆ, ಅಂದರು.
ಎಮ್ಮೆ ಕರೆಯುವುದು ಹಾಗೆ, ಜೊಂಡಿನ ನಡುವೆ,
ದೋಣಿಯ ತುದಿಯಲ್ಲಿ ನಿಂತು.
ನೀರು ಬತ್ತಿಸಿದರಲ್ಲ, ಆಗ ನನಗೆ ಹತ್ತೊಂಬತ್ತು.
ಮಾಲ್ಮೋದಲ್ಲಿ ಇಪ್ಪತ್ತಾರು ವರ್ಷ ಬಸ್ಸು ತೊಳೆದೆ,
ಬಸ್ಸನ್ನು ಯಾರು ಕರೆಯುತ್ತಾರೆ.

ಅವರು ಮಲಗಿದ್ದ ಮಂಚದಡಿ, ಕಾಂಕ್ರೀಟಿನಡಿ
ನಮ್ಮ ಮಾವನ ಕೊಟ್ಟಿಗೆ. ನಲವತ್ತೊಂದು ಎಮ್ಮೆ.
ಕಲ್ಲಿದ್ದಲು ಅಗೆದು ಬಿಟ್ಟ ಹೊಂಡಗಳಲ್ಲಿ
ಮೂಗು ಮಾತ್ರ ಮೇಲಿಟ್ಟು ಮಧ್ಯಾಹ್ನ ಕಳೆಯುತ್ತಿದ್ದವು.
ರನ್‌ವೇ ಬರುತ್ತದೆ ಅಂದರು. ನೋಟೀಸಿನ ಮೇಲೆ ನೋಟೀಸು;
ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ
ನಿಂತೇ ಇದ್ದರು ಮಾವ.
ಆಮೇಲೆ ಲಾರಿ ಬಂತು, ಹಣ ಬಂತು, ಟೈಲ್ಸು ಬಂದವು.
ಮೊದಲ ವಿಮಾನ ಇಳಿದ ದಿನ ಕಣ್ಣಿಗೆ ಕೈಯಡ್ಡ ಹಿಡಿದು ನೋಡಿ
ಇದಕ್ಕೆ ಹಾಲೆಷ್ಟು ಅಂದಿದ್ದರು.

ಇದನ್ನೆಲ್ಲ ಹೇಳಲು ಹೊತ್ತಿರಲಿಲ್ಲ.
ನಮ್ಮ ಕಡೆ ಹೀಗೆ, ಅಂದೆ. ಸಣ್ಣಗೆ ಕೂಗಿದೆ:
ಗೆಹ್... ಗೆಹ್... ಗೇ...
ತಲೆಯಾಡಿಸಿದರು ಚಾಸಿಬ್.
ಇಷ್ಟು ಮೆತ್ತಗೆ ಕರೆದರೆ ಕೋಳಿಯೂ ಬರುವುದಿಲ್ಲ.

ಮತ್ತೊಮ್ಮೆ ಕೂಗಿದೆ, ಹೊಟ್ಟೆಯಿಂದ.
ಅವರೂ ಕೂಗಿದರು.
ಹಜಾರದ ಕೊನೆಗೆ, ಬಟ್ಟೆ ಒಗೆಯುವ ಯಂತ್ರದ ಹತ್ತಿರ,
ಕತ್ತಲೆ ಒಂದಿಷ್ಟು ಮೈಕೊಡವಿದಂತಾಯಿತು.
ಅಥವಾ ಅಲ್ಲಿ ಟ್ಯೂಬ್‌ಲೈಟು ಕೆಟ್ಟಿದೆ.

ನಾಲ್ಕು ಇಪ್ಪತ್ತಕ್ಕೆ ರುಸ್ತೆಮ್ ಹಾರ್ನ್ ಹೊಡೆದ.
ಕೌಂಟರಿನ ಮೇಲೆ, ಗಂಟೆಯ ಕೆಳಗೆ ಮಡಿಸಿ,
ನಾನು ಬಿಟ್ಟಿದ್ದ ಐದು ಯೂರೋ.
ಇನ್ನೊಂದು ಕಾಲುಚೀಲ ಮಂಚದಡಿ ಸಿಕ್ಕಿತು, ಡ್ರಾಯರಿನಲ್ಲಿದೆ.

ಹದಿನೈದನೆಯವರನ್ನು ಐದೂವರೆಗೆ ಎಬ್ಬಿಸಬೇಕಿತ್ತು.
ಎದ್ದೇ ಕೂತಿದ್ದರು.