ಸೋರಿಕೆ: ಇದೆ

ಬಾಗೇಪಲ್ಲಿ ಕಚೇರಿಯ ಗೋಡೆಯ ನಕ್ಷೆಯಲ್ಲಿ
ಮೂರು ಗುಂಡುಸೂಜಿ.
ಅರವತ್ತು ಹಳ್ಳಿ, ತಲೆಗೆ ಹದಿನೈದು ಲೀಟರು, ನಲವತ್ತು ದಿನ.
ಕೊಳವೆಬಾವಿಗಳೆಲ್ಲ ಒಟ್ಟಿಗೆ ಕೈಯೆತ್ತುವ ದಿನಕ್ಕೆಂದು
ಎಲ್ಲಾದರೂ ಒಂದು ಕಡೆ ಬಚ್ಚಿಡಬೇಕು.
ಫೈಲಿನ ಹೆಸರು: ತುರ್ತು ನೀರು, ಸ್ಥಳ ಆಯ್ಕೆ.

ಮೊದಲ ಸೂಜಿ ಹಳೇ ಕೆರೆ.
ಅಂಗಳದಲ್ಲಿ ಸೈಟುಗಳ ಕಲ್ಲು ನೆಟ್ಟಾಗಿದೆ,
ಒಂದಕ್ಕೆ ಆಗಲೇ ಅರಿಶಿನ ಕುಂಕುಮ.
ತೂಬಿನ ಬಾಯಲ್ಲಿ ಯಾರದೋ ಕೋಳಿಗೂಡು.
ಎರಡನೆಯದು ಗೋಮಾಳ. ಅಗೆದರೆ ಮೂರಡಿಗೆ ಬಂಡೆ,
ವ್ಯಾಜ್ಯ ಮಾತ್ರ ಇನ್ನೂ ಆಳಕ್ಕಿದೆ, ಹೈಕೋರ್ಟಿನ ತನಕ.
ಮೂರನೆಯದು ಗುಂಡ್ಲಗುಟ್ಟದ ಕ್ವಾರಿ.
ಗುಟ್ಟ ಈಗ ಹೆಸರಲ್ಲಷ್ಟೇ;
ಇದ್ದದ್ದನ್ನೆಲ್ಲ ಜಲ್ಲಿ ಮಾಡಿ ಹೆದ್ದಾರಿಗೆ ಹಾಸಿ
ಬೆಟ್ಟ ಎಷ್ಟೆತ್ತರವಿತ್ತೋ ಅಷ್ಟೇ ಆಳದ ಹೊಂಡ
ಬಿಟ್ಟುಹೋಗಿದ್ದಾರೆ.

ಸಾಹೇಬರಿಗೆ ಇದೇ ಇಷ್ಟ.
ಅಗೆಯುವ ಖರ್ಚಿಲ್ಲ, ಮುಳುಗುವವರಿಲ್ಲ,
ತಳ ಕಲ್ಲು, ಗೋಡೆ ಕಲ್ಲು,
ದೇವರೇ ಕಟ್ಟಿಸಿದ ಸಂಪು ಕಣಮ್ಮ, ಅಂದರು.

ದೇವರಲ್ಲ. ಬ್ಲಾಸ್ಟರ್ ಯರ್ರಪ್ಪ.
ಎಡಗೈಯಲ್ಲಿ ಎರಡು ಬೆರಳು ಕಮ್ಮಿ, ಒಂದು ಕಿವಿ ಸತ್ತಿದೆ.
ಬದುಕಿದ ಕಿವಿಯನ್ನು ನನ್ನತ್ತ ತಿರುಗಿಸಿ
ಹೊಂಡದ ಅಂಚಿನಲ್ಲಿ ಕೂತು ಬೀಡಿ ಹಚ್ಚಿದ.
“ನಿಲವದು ಮೇಡಂ.
ಪೂರ್ವದ ಗೋಡೆಗೆ ಒಂದೇ ರಾತ್ರಿ ನಲವತ್ತೆರಡು ಕುಳಿ ಹೊಡೆದ್ವಿ.
ರಿಜಿಸ್ಟರಿನಾಗೆ ಹದಿನೆಂಟು ಅಂತ ಐತೆ.
ಮಿಕ್ಕ ಇಪ್ಪತ್ನಾಲ್ಕರ ಸದ್ದು ಕಲ್ಲೊಳಗೇ ಓಡೋಯ್ತು.
ಎಲ್ಲಿಗೋಯ್ತು ಅಂತ ಆವತ್ತು ಯಾರೂ ಕೇಳ್ಲಿಲ್ಲ.”

ಬೀಡಿಯ ಮಾತನ್ನು ವರದಿಗೆ ಹಾಕುವಂತಿಲ್ಲ.
ಗೋಡೆಗೆ ಬಿಳಿ ಗೆರೆ ಎಳೆಸಿದೆ.
ಪಕ್ಕದಲ್ಲೊಂದು ತಟ್ಟೆ ನೀರಿಟ್ಟು
ಬಿಸಿಲು ಕುಡಿದದ್ದೆಷ್ಟೆಂದು ಬೇರೆ ಬರೆದೆ.
ಹತ್ತು ದಿನ. ಬಿಸಿಲಿನ ಪಾಲು ಕಳೆದರೂ
ಗೆರೆಯ ಕೆಳಗೆ ಒಂದು ಗೇಣು ಖಾಲಿ.

ಆಮೇಲೆ ಬಣ್ಣ ಬಿಟ್ಟೆವು, ಲ್ಯಾಬಿನ ಹಸಿರು,
ಕುಡಿದರೂ ಏನೂ ಆಗದ್ದು.
ಬಾಬಾಜಾನನ ಜೀಪು, ನನ್ನ ತೊಡೆಯ ಮೇಲೆ ಬಾಟಲಿಗಳ ಟ್ರೇ,
ಇಳಿಜಾರಿನ ಹಳ್ಳ, ಬೋರು, ಎಮ್ಮೆ ತೊಟ್ಟಿ
ಒಂದನ್ನೂ ಬಿಡದೆ ಇಣುಕಿದೆವು.
ಏನಿಲ್ಲ. ಏನಿಲ್ಲ.
ಐದನೇ ದಿನ ಗಂಗುಲಮ್ಮ ತಾನೇ ಹುಡುಕಿಕೊಂಡು ಬಂದಳು,
ಕೊಡ ಸೊಂಟದಲ್ಲಿ, ಸಿಟ್ಟು ಮೂಗಿನಲ್ಲಿ:
“ಯಾವೋನು ನಮ್ಮ ಬಾವಿಗೆ ಗಿಣಿ ಅದ್ದಿದ್ದು?”

ಮೆಟ್ಟಿಲು ಬಾವಿ. ಹನ್ನೊಂದು ಮನೆ.
ಅವಳ ಅತ್ತೆಯ ಕಾಲದಲ್ಲಿ ಶಿವರಾತ್ರಿಗೇ ಒಣಗುತ್ತಿದ್ದದ್ದು
ಕ್ವಾರಿ ನಿಂತ ವರ್ಷದಿಂದ ಒಣಗಿಲ್ಲವಂತೆ.
ಅಮ್ಮನ ಕೃಪೆ ಎಂದು ಶುಕ್ರವಾರ ಕಟ್ಟೆಗೆ ದೀಪ.
ಯರ್ರಪ್ಪ ಇಳಿದು ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ.
ಮೂರು ಬೆರಳಿನ ಕೈ ಅದ್ದಿ ತೆಗೆದು
“ಇಪ್ಪತ್ನಾಲ್ಕು” ಅಂದ.

ನಮೂನೆಯ ಕಾಲಂ ಒಂಬತ್ತು:
ಸೋರಿಕೆ ಇದೆಯೇ? ಇದೆ.
ತಡೆಯಬಹುದೇ? ಬಹುದು.
ಒತ್ತಡ ಕೊಟ್ಟು ಸಿಮೆಂಟಿನ ಹಾಲು ಕುಡಿಸಿದರೆ
ಬಿರುಕು ಬಾಯಿ ಮುಚ್ಚುತ್ತದೆ.
ಯಾರಿಗೆ ಸೋರುತ್ತಿದೆ ಎಂಬ ಕಾಲಂ ಇಲ್ಲ.

ಲೆಕ್ಕ ನನಗೂ ಬರುತ್ತದೆ.
ಒಂದು ತಟ್ಟೆಯಲ್ಲಿ ಅರವತ್ತು ಹಳ್ಳಿ, ಇನ್ನೊಂದರಲ್ಲಿ ಹನ್ನೊಂದು ಮನೆ.
ಸ್ಥಳ ಯೋಗ್ಯವಾಗಿದೆ ಎಂದೇ ಬರೆದೆ.
ಕೈ ನಡುಗಲಿಲ್ಲ, ಸುಳ್ಳು ಯಾಕೆ.
ಅಂದಾಜುಪಟ್ಟಿಯ ಕೊನೆಗೆ ಮಾತ್ರ ಒಂದು ಸಾಲು ಸೇರಿಸಿದೆ:
ಪೂರ್ವ ಗೋಡೆಯಿಂದ ಮೆಟ್ಟಿಲು ಬಾವಿಗೆ
ಮುಕ್ಕಾಲು ಇಂಚು ಪೈಪು, ಆರುನೂರು ಮೀಟರು,
ವಾಲ್ವ್ ಬೇಡ.

ಫೈಲು ಮೇಲೆ ಹೋಗಿ ಕೆಳಗೆ ಬಂತು.
ಆ ಸಾಲಿನ ಪಕ್ಕ ಕೆಂಪು ಶಾಯಿ: ಇದು ಏಕೆ? ಸಮಜಾಯಿಷಿ ನೀಡಿ.

ಸಂಜೆಯೊಳಗೆ ಉತ್ತರ ಹೋಗಬೇಕು.
ಫ್ಯಾನಿಗೆ ಕಾಗದ ಹಾರುತ್ತದೆಂದು
ಬಾವಿಯ ಬಾಟಲಿಯನ್ನೇ ಮೇಲಿಟ್ಟಿದ್ದೇನೆ,
ಹಸಿರು ಇನ್ನೂ ಪೂರ್ತಿ ಬಿಟ್ಟಿಲ್ಲ.
ಹಳೆಯ ಬಾಕಿ, ಎಂದು ಬರೆದು ಹೊಡೆದುಹಾಕಿದೆ.
ಕಚೇರಿಗೆ ಅರ್ಥವಾಗುವ ಭಾಷೆಯಲ್ಲಿ ಮತ್ತೆ ಬರೆದೆ:
ಹಾಲಿ ಇರುವ ಸೋರಿಕೆಯನ್ನು
ಸಕ್ರಮಗೊಳಿಸಲು.